ಗಣೇಶನ ಪೆಂಡಾಲಿನಲ್ಲಿ ಅರ್ಧ ಗಂಟೆ ಕೊಡಿ

ಕಳೆದ ಗಣೇಶನ ಹಬ್ಬದ ಮಾತು. ಗಂಜಾಂ ಆಸುಪಾಸಿನ ಒಂದು ಊರು. ಊರಿನ ಹೆಸರು ಬೇಡ, ಸಮಿತಿಯವರ ಹೆಸರೂ ಬೇಡ. ಯಾಕೆಂದರೆ ಇದು ಒಂದೇ ಊರಿನ ಕತೆಯಲ್ಲ.

ನಾಲ್ಕು ಜನ ಹುಡುಗರು ಸಮಿತಿಯವರ ಹತ್ತಿರ ಬಂದರು. ಒಬ್ಬನ ಹೆಗಲಲ್ಲಿ ಯಾರೋ ಬಳಸಿ ಬಿಟ್ಟ ಗಿಟಾರು. ಇನ್ನೊಬ್ಬನ ಕೈಯಲ್ಲಿ ತಮಟೆ. "ಹತ್ತು ನಿಮಿಷ ಕೊಡಿ ಅಣ್ಣ, ನಾಲ್ಕು ಹಾಡು ಹಾಡ್ತೀವಿ" ಅಂದರು.

"ಯಾವ ಪಿಕ್ಚರ್‌ದು?"

"ಪಿಕ್ಚರ್‌ದಲ್ಲ ಅಣ್ಣ. ನಮ್ದೇ."

"ನಿಮ್ದೇ ಅಂದ್ರೆ?"

"ನಾವೇ ಬರ್ದಿರೋದು."

ಅಲ್ಲಿದ್ದವರೆಲ್ಲ ನಕ್ಕರು. ಬೈಯಲಿಲ್ಲ, ಓಡಿಸಲಿಲ್ಲ, ಸುಮ್ಮನೆ ನಕ್ಕರು ಅಷ್ಟೆ. ಬೈದಿದ್ದರೆ ಹುಡುಗರು ತಿರುಗಿ ಮಾತಾಡುತ್ತಿದ್ದರು. ನಗುವಿಗೆ ಏನು ಹೇಳುವುದು? ಗಿಟಾರು ಎತ್ತಿಕೊಂಡು ಹೊರಟರು.

ಅವತ್ತು ರಾತ್ರಿ ಆರ್ಕೆಸ್ಟ್ರಾ ಬಂತು. ಕಳೆದ ವರ್ಷ ಹಾಡಿದ ಹಾಡುಗಳನ್ನೇ ಹಾಡಿತು. ಅದರ ಹಿಂದಿನ ವರ್ಷವೂ ಹಾಡಿದ್ದು ಅವನ್ನೇ. ಜನ ಕೂತು ಕೇಳಿದರು, ನಡುವೆ ಎದ್ದು ಹೋದರು, ಫೋನ್ ನೋಡಿದರು. ಹತ್ತು ಗಂಟೆಗೆ ಮೈಕು ಬಂದ್.

ನಾನು ಆ ಹುಡುಗರನ್ನು ಹುಡುಕಿಕೊಂಡು ಹೋದೆ. ಊರಾಚೆ ನಿಂತುಹೋದ ಒಂದು ಆಲೆಮನೆ ಇದೆ. ಗಾಣ ತಿರುಗಿ ಎಷ್ಟೋ ಕಾಲವಾಗಿದೆ. ಅದೇ ಅವರ ಸ್ಟುಡಿಯೋ. ಕೊಪ್ಪರಿಗೆ ಇಡುತ್ತಿದ್ದ ಒಲೆಯ ಕಟ್ಟೆಯ ಮೇಲೆ ಫೋನ್ ನಿಲ್ಲಿಸಿ ಏಳು ಹಾಡು ರೆಕಾರ್ಡ್ ಮಾಡಿದ್ದಾರೆ. ಏಳೂ ಹಾಡು ಸೇರಿ ಇಪ್ಪತ್ತು ನಿಮಿಷ ಇಲ್ಲ. ಮೂರನೆಯದರಲ್ಲಿ ಒಂದು ತಂತಿ ಶ್ರುತಿ ಬಿಟ್ಟಿದೆ. ಐದನೆಯದರಲ್ಲಿ ನಾಯಿ ಬೊಗಳುತ್ತದೆ. ಹುಡುಗ ಹಾಡೋದನ್ನ ನಿಲ್ಲಿಸಿಲ್ಲ, ನಾಯಿಯೂ ನಿಲ್ಲಿಸಿಲ್ಲ.

ಹಾಡು ಯಾವುದರ ಮೇಲೆ? ತಪ್ಪಿಹೋದ ಕೊನೆ ಬಸ್ಸಿನ ಮೇಲೆ. ಬೆಂಗಳೂರಿನಲ್ಲಿ ಕಾರು ಓಡಿಸುತ್ತಾ ಹಬ್ಬಕ್ಕೆ ಮಾತ್ರ ಊರಿಗೆ ಬರುವ ಅಣ್ಣನ ಮೇಲೆ. ಕೆಆರ್‌ಎಸ್ ತುಂಬಿದರೂ ನಾಲೆಯ ಕೊನೆಗೆ ಬಾರದ ನೀರಿನ ಮೇಲೆ. ಕಬ್ಬು ಕಡಿದು ತಿಂಗಳಾದರೂ ಬಾರದ ದುಡ್ಡಿನ ಮೇಲೆ. ಮೆಸೇಜ್ ನೋಡಿಯೂ ಉತ್ತರ ಕೊಡದ ಹುಡುಗಿಯ ಮೇಲೆ. ಎಲ್ಲವೂ ನಮ್ಮ ಮಂಡ್ಯದ ಮಾತಿನಲ್ಲೇ ಇವೆ. ಸಿನಿಮಾದಲ್ಲಿ ಕಾಮಿಡಿ ನಟನ ಬಾಯಿಗೆ ಹಾಕುವ ಮಂಡ್ಯ ಮಾತಲ್ಲ, ಜಗಲಿ ಮೇಲೆ ನಾವು ಆಡುವ ಮಾತು.

ಆ ವರ್ಷ ನಾನು ಕೇಳಿದ ಅತಿ ಒಳ್ಳೆಯ ಹಾಡುಗಳು ಇವು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ಜಗಳಕ್ಕೇ ಹೇಳುತ್ತಿದ್ದೇನೆ.

ಮೊದಲು ನನ್ನ ತಪ್ಪು

ಸಮಿತಿಯವರನ್ನು ಬೈಯುವ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ನಾನು ಪತ್ರಿಕೆಗೆ ಸುದ್ದಿ ಕಳಿಸುವವನು. ಇಷ್ಟು ವರ್ಷದಲ್ಲಿ ಎಷ್ಟು ಸಲ "ರಸಮಂಜರಿ ಕಾರ್ಯಕ್ರಮ ನೆರೆದಿದ್ದವರನ್ನು ರಂಜಿಸಿತು" ಎಂದು ಬರೆದಿದ್ದೇನೋ ಲೆಕ್ಕವಿಲ್ಲ. ಕೆಲವು ಸಲ ಕಾರ್ಯಕ್ರಮ ಶುರುವಾಗುವ ಮೊದಲೇ ಬರೆದು ಕಳಿಸಿದ್ದೂ ಉಂಟು. ಯಾರು ರಂಜಿಸಿದರು, ಯಾರ ಹಾಡು, ಜನ ನಿಜವಾಗಿ ಕೇಳಿದರೇ, ಒಂದನ್ನೂ ಬರೆದಿಲ್ಲ. ವೇದಿಕೆಯಲ್ಲಿ ಯಾರಿದ್ದರು ಎನ್ನುವ ಪಟ್ಟಿ ಮಾತ್ರ ತಪ್ಪಿಲ್ಲ. ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಮುಖಂಡರು ಎಲ್ಲರ ಹೆಸರೂ ಬಂದಿದೆ, ಹಾಡಿದವರ ಹೆಸರು ಮಾತ್ರ ಬಂದಿಲ್ಲ.

ಊರಿನ ಹುಡುಗನೊಬ್ಬ ತಾನೇ ಹಾಡು ಕಟ್ಟಿದರೆ ಅದು ಸುದ್ದಿ ಅನ್ನಿಸದೇ ಇರುವ ಹಾಗೆ ನಮ್ಮ ಕಿವಿಯನ್ನು ಕೆಡಿಸಿದವರಲ್ಲಿ ನಮ್ಮಂಥ ವರದಿಗಾರರೂ ಇದ್ದೇವೆ.

ಇದೇನು ಹೊಸದಲ್ಲ

ಈ ಹುಡುಗರು ಮಾಡಿದ್ದಕ್ಕೆ ಹೊರಗಿನ ಲೋಕದಲ್ಲಿ ಒಂದು ಹೆಸರಿದೆ: ಪಂಕ್. ರೆಕಾರ್ಡಿಂಗ್ ಒರಟಾಗಿ, ಗೊರಗೊರ ಅನ್ನುತ್ತಾ ಇದ್ದರೆ ಲೋ-ಫೈ. ಕಂಪನಿಯ ಹಂಗಿಲ್ಲದೆ ತಾವೇ ಮಾಡಿಕೊಂಡರೆ ಇಂಡೀ. ರಾಗ ಒಂದೇ ಸಲಕ್ಕೆ ಬಾಯಿಗೆ ಬರುವ ಹಾಗಿದ್ದರೆ ಪಾಪ್-ಪಂಕ್. ಹೆಸರು ಮುಖ್ಯವಲ್ಲ, ಕೆಲಸ ಮುಖ್ಯ.

1976ರಲ್ಲಿ ನ್ಯೂಯಾರ್ಕಿನ ರಾಮೋನ್ಸ್ ಅನ್ನೋ ಬ್ಯಾಂಡು ಮೊದಲ ಆಲ್ಬಂ ತಂದಿತು. ಹದಿನಾಲ್ಕು ಹಾಡು, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಸುಮಾರು ಒಂದು ವಾರದಲ್ಲಿ, 6,400 ಡಾಲರ್ ಖರ್ಚಿನಲ್ಲಿ ರೆಕಾರ್ಡ್ ಆಯಿತು. ಆ ಕಾಲದ ದೊಡ್ಡ ಬ್ಯಾಂಡುಗಳು ಒಂದು ಆಲ್ಬಂಗೆ ಸುರಿಯುತ್ತಿದ್ದ ದುಡ್ಡಿನ ಮುಂದೆ ಅದು ಪುಡಿಗಾಸು. ಮಾರನೆಯ ವರ್ಷ, 1977ರ ಜನವರಿಯಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಬಜ್‌ಕಾಕ್ಸ್ ಹುಡುಗರು ಮನೆಯವರು, ಗೆಳೆಯರ ಹತ್ತಿರ ಸುಮಾರು 500 ಪೌಂಡ್ ಸಾಲ ಎತ್ತಿ ನಾಲ್ಕು ಹಾಡಿನ ರೆಕಾರ್ಡು ತಾವೇ ಹೊರತಂದರು. ಕಂಪನಿ ಬರಲಿ ಎಂದು ಕಾಯಲಿಲ್ಲ. ಅದನ್ನು ನೋಡಿ ಎಷ್ಟೋ ಊರಿನ ಹುಡುಗರಿಗೆ "ಹಂಗಾರೆ ನಾವೂ ಮಾಡ್ಬೌದು" ಅನ್ನಿಸಿತು. ಪಂಕ್ ಮಾಡಿದ ದೊಡ್ಡ ಕೆಲಸವೇ ಇದು: ಹಾಡು ಕಟ್ಟೋಕೆ ಯಾರ ಅಪ್ಪಣೆಯೂ ಬೇಡ ಎಂದು ಹುಡುಗರಿಗೆ ತೋರಿಸಿದ್ದು.

ಈ ಕೆಲಸ ನಮ್ಮವರಿಗೆ ಗೊತ್ತಿಲ್ಲದ್ದೇ? ನೀಲಗಾರರ ಕೈಯಲ್ಲಿ ತಂಬೂರಿ, ಡಕ್ಕೆ, ಗಗ್ಗರ. ಅಷ್ಟರಲ್ಲೇ ಮಂಟೇಸ್ವಾಮಿಯ ಕತೆ ರಾತ್ರಿಯಿಡೀ ಸಾಗುತ್ತದೆ. ಕಂಸಾಳೆಯವರ ಕೈಯಲ್ಲಿ ಎರಡು ಕಂಚಿನ ತಟ್ಟೆ, ಅದರಲ್ಲೇ ಮಾದಪ್ಪನ ಬೆಟ್ಟ ಕಣ್ಣ ಮುಂದೆ ಬರುತ್ತದೆ. ಕಡಿಮೆ ಸಾಮಾನು, ಹೆಚ್ಚು ಕಸುವು. ಮೈಯೆಲ್ಲ ಕುಣಿಯುವ ಈ ಕಲೆಗೆ ಯಾವ ಸಂಗೀತ ಶಾಲೆಯೂ ಸರ್ಟಿಫಿಕೇಟು ಕೊಟ್ಟಿರಲಿಲ್ಲ. ತಮಟೆಯನ್ನೇ ನೋಡಿ. ಹಬ್ಬಕ್ಕೂ ಸಾವಿಗೂ ಬೇಕು, ಬಾರಿಸುವವನು ಮಾತ್ರ ದೂರ ನಿಲ್ಲಬೇಕು ಅಂದ ಸಮಾಜ ನಮ್ಮದು. ಕೊನೆಗೆ 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ ಪದ್ಮಶ್ರೀ ಬಂತು. ಆಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ದೆಹಲಿಯವರು ಗುರುತಿಸುವ ತನಕ ನಮ್ಮ ಕಿವಿ ಎಲ್ಲಿತ್ತು?

1975ರಲ್ಲಿ ಸಿದ್ಧಲಿಂಗಯ್ಯನವರ ಮೊದಲ ಕವನ ಸಂಕಲನ "ಹೊಲೆಮಾದಿಗರ ಹಾಡು" ಬಂತು. ಅದರ ಹಾಡುಗಳು ಪುಸ್ತಕದಲ್ಲಿ ಕೂರಲಿಲ್ಲ. ದಲಿತ ಸಂಘರ್ಷ ಸಮಿತಿಯ ಹುಡುಗರು ಬೀದಿಯಲ್ಲಿ, ಜಾಥಾದಲ್ಲಿ, ಹಟ್ಟಿಯಲ್ಲಿ ತಮಟೆ ಬಡಿದುಕೊಂಡು ಹಾಡಿದರು. ಮೈಕಿಲ್ಲ, ಸ್ಟುಡಿಯೋ ಇಲ್ಲ, ಕಂಪನಿ ಇಲ್ಲ. ಕನ್ನಡದಲ್ಲಿ ಪಂಕ್ ಆಲ್ಬಂ ಅಂತ ಒಂದನ್ನು ಕರೆಯುವುದಾದರೆ ನಾನು ಕರೆಯುವುದು ಅದನ್ನೇ. ಅಲ್ಲಿ ನ್ಯೂಯಾರ್ಕಿನ ಹುಡುಗರು ಸ್ಟುಡಿಯೋಗೆ ಹೋಗುವ ಹಿಂದಿನ ವರ್ಷವೇ ಇಲ್ಲಿ ಇದು ಬಂದಿತ್ತು.

ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ಮೊದಲ ಪುಸ್ತಕ "ಮೈಸೂರ ಮಲ್ಲಿಗೆ" ಬಂದದ್ದು 1942ರಲ್ಲಿ. ಅವರಿಗೆ ಆಗ ಇಪ್ಪತ್ತೇಳು ವರ್ಷ. ಬರೆದದ್ದು ಏನು? ಹೆಂಡತಿ, ತವರು, ಮಾವನ ಮನೆ, ಬಳೆಗಾರ. ಮನೆಯ ಮಾತನ್ನೇ ಹಾಡು ಮಾಡಿದರು. ಇವತ್ತು ಅದು ಕನ್ನಡದ ಆಸ್ತಿ. ಆಗ ಯಾರಾದರೂ "ಇದ್ಯಾವ ಪಿಕ್ಚರ್‌ದು?" ಎಂದು ಕೇಳಿದ್ದರೆ?

ಆಮೇಲೆ 1978ರಲ್ಲಿ ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ "ನಿತ್ಯೋತ್ಸವ" ಕ್ಯಾಸೆಟ್ ಬಂತು. ಸಿನಿಮಾದ ಹಾಡಲ್ಲದ ಹಾಡನ್ನು ಜನ ದುಡ್ಡು ಕೊಟ್ಟು ಕೊಂಡರು. ಸಿ. ಅಶ್ವತ್ಥ್ ಅವರ ಗಂಟಲಿನಲ್ಲಿ ಶಿಶುನಾಳ ಶರೀಫರು ಮನೆ ಮನೆಗೆ ಬಂದರು. ಸಿನಿಮಾ ಬಿಟ್ಟು ಬೇರೆ ಹಾಡಿಗೆ ನಮ್ಮ ಜನರ ಕಿವಿ ಇಲ್ಲ ಅನ್ನುವುದು ಹಸೀ ಸುಳ್ಳು. ಕಿವಿ ಇತ್ತು, ಈಗಲೂ ಇದೆ. ಇಲ್ಲದ್ದು ವೇದಿಕೆ.

ಮೈಸೂರಿನ ಹುಡುಗರು ಮಾಡಿ ತೋರಿಸಿದ್ದಾರೆ

ಗಂಜಾಂನಿಂದ ಮೈಸೂರು ಎಷ್ಟು ದೂರ? ಬಸ್ಸು ಸಿಕ್ಕರೆ ಮುಕ್ಕಾಲು ಗಂಟೆ ಬೇಡ. ಆ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 2008ರಲ್ಲಿ ತಮ್ಮ ಬ್ಯಾಂಡಿನ ಮೊದಲ ಆಲ್ಬಂ ತಂದರು. ಓದಿದ್ದು ಮೈಕ್ರೋಬಯಾಲಜಿ. ಆ ಆಲ್ಬಂನಲ್ಲಿ ಹಿಂದಿ, ಇಂಗ್ಲಿಷ್ ಜೊತೆಗೆ ಶರೀಫರ ತತ್ವಪದಗಳೂ ಇವೆ. ಅದೇ ಹಾಡು ಹಿಡಿದುಕೊಂಡು, ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಇಂಗ್ಲೆಂಡಿನ ಟಿವಿ ಕಾರ್ಯಕ್ರಮದವರೆಗೂ ಹೋದರು.

ಮೈಸೂರಿನವರೇ ಆದ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ಬ್ಯಾಂಡಿನ ಮೊದಲ ಆಲ್ಬಂ ಬಂದದ್ದು 2009ರಲ್ಲಿ. ಅದರಲ್ಲಿ "ಈ ಭೂಮಿ" ಎನ್ನುವ ಕನ್ನಡದ ಹಾಡಿದೆ. ಅವರು ವೇದಿಕೆಯ ಮೇಲೆ ಸೊಂಟಕ್ಕೆ ಕುದುರೆ ಕಟ್ಟಿಕೊಂಡು ಕುಣಿಯುತ್ತಿದ್ದರು. ನಮ್ಮ ಜಾತ್ರೆಯಲ್ಲಿ ಕೀಲುಕುದುರೆ ನೋಡಿಲ್ಲವೇ? ಅದೇ ಕುದುರೆ, ಪಕ್ಕದಲ್ಲಿ ಗಿಟಾರು. ನಗರದ ಜನ ಟಿಕೆಟ್ ಕೊಂಡು ಹೋಗಿ ಆ ಕುದುರೆಯನ್ನು ನೋಡಿದರು.

ಇವರಿಬ್ಬರ ರೆಕಾರ್ಡಿಂಗ್ ಲೋ-ಫೈ ಅಲ್ಲ, ಒಳ್ಳೆಯ ಸ್ಟುಡಿಯೋದ್ದು. ಇವರು ಪಂಕ್ ಅಂತಲೂ ಹೇಳುವುದಿಲ್ಲ. ನಾನು ಹೇಳುವುದು ಬೇರೆ. ಸ್ವಂತ ಹಾಡು, ಸ್ವಂತ ಭಾಷೆ, ಊರಿನ ಕುಣಿತ, ಈ ಮೂರನ್ನು ಇಟ್ಟುಕೊಂಡು ನಮ್ಮ ಪಕ್ಕದ ಊರಿನ ಹುಡುಗರೇ ಲೋಕ ಸುತ್ತಿದ್ದಾರೆ. ಆದರೆ ಅವರು ಬೆಳೆದ ವೇದಿಕೆ ಯಾವುದು? ಕಾಲೇಜು, ಬೆಂಗಳೂರಿನ ಕ್ಲಬ್ಬು, ಎಫ್‌ಎಂ, ವಿದೇಶದ ಉತ್ಸವ. ನಮ್ಮ ಊರಿನ ಪೆಂಡಾಲು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ನಾನಂತೂ ನಮ್ಮ ಕಡೆಯ ಯಾವ ಪೆಂಡಾಲಿನಲ್ಲೂ ಇಂಥ ಒಂದು ಬ್ಯಾಂಡನ್ನು ಕೇಳಿಲ್ಲ. ಬೆಂಗಳೂರಿಗೆ ಹೋಗಲಾಗದ, ಇಂಗ್ಲಿಷ್ ಬಾರದ, ಕಾಲೇಜು ಬಿಟ್ಟ ಹುಡುಗ ಎಲ್ಲಿ ಹಾಡಬೇಕು?

ದಸರೆಗೆ ಹೋಗಲಿ ಅನ್ನುತ್ತೀರಾ? 2024ರ ಮೈಸೂರು ಯುವ ದಸರಾದಲ್ಲಿ ಶ್ರೇಯಾ ಘೋಷಾಲ್, ಬಾದ್‌ಷಾ, ಎ.ಆರ್. ರೆಹಮಾನ್, ಇಳಯರಾಜಾ ಬಂದರು. ದೊಡ್ಡವರು, ನನಗೆ ತಕರಾರಿಲ್ಲ, ನಾನೂ ಅವರ ಅಭಿಮಾನಿಯೇ. ಆದರೆ ಹೆಸರು "ಯುವ" ದಸರಾ. ಅದಕ್ಕೆ ಮೊದಲು ನಡೆಯುವ ಯುವ ಸಂಭ್ರಮದಲ್ಲಿ ಕಾಲೇಜು ಮಕ್ಕಳು ಬರುತ್ತಾರೆ ನಿಜ, ಬಹುಪಾಲು ರೆಕಾರ್ಡ್ ಹಾಕಿಕೊಂಡು ಕುಣಿಯುತ್ತಾರೆ. ಯುವಕರು ಬರೆದ ಹಾಡಿಗೆ ಜಾಗ ಎಲ್ಲಿ? ನಮ್ಮ ಶ್ರೀರಂಗಪಟ್ಟಣದ ದಸರೆ ಇದೆ. 1610ರಲ್ಲಿ ರಾಜ ಒಡೆಯರ್ ಶುರು ಮಾಡಿದ ಹಬ್ಬದ ಮೂಲ ನೆಲವೇ ಇದು ಎಂದು ಪ್ರತಿ ವರ್ಷ ಭಾಷಣ ಕೇಳುತ್ತೇವೆ. ಕಿರಂಗೂರಿನ ಬನ್ನಿಮಂಟಪದಿಂದ ಆನೆ ಬರುತ್ತದೆ, ಕಲಾತಂಡಗಳು ಬರುತ್ತವೆ. ರಾತ್ರಿಯ ವೇದಿಕೆಯಲ್ಲಿ ಈ ತಾಲ್ಲೂಕಿನ ಹುಡುಗ ಹುಡುಗಿಯರು ತಾವೇ ಕಟ್ಟಿದ ಹಾಡಿಗೆ ಒಂದು ಸಂಜೆಯನ್ನಾದರೂ ಬರೆದಿಡಲಿ ಎಂದು ಕೇಳುವುದು ದೊಡ್ಡ ಮಾತೇ?

ಸ್ವೀಡನ್‌ನವರು ಏನು ಮಾಡಿದರು

ಸ್ವೀಡನ್ ಅನ್ನುವ ದೇಶದ ಜನಸಂಖ್ಯೆ ಒಂದು ಕೋಟಿಗೆ ಚೂರು ಹೆಚ್ಚು. 2011ರ ಜನಗಣತಿಯ ಲೆಕ್ಕದಲ್ಲೇ ನಮ್ಮ ರಾಜ್ಯದಲ್ಲಿ ಆರು ಕೋಟಿ ದಾಟಿದ್ದೇವೆ. ಆದರೂ ಅಷ್ಟು ಪುಟ್ಟ ದೇಶದಿಂದ ಲೋಕಕ್ಕೆಲ್ಲ ಹಾಡು ಹೋಗುತ್ತದೆ. 1974ರಲ್ಲಿ ಅಬ್ಬಾ ಬ್ಯಾಂಡು ಯೂರೋಪಿನ ದೊಡ್ಡ ಹಾಡಿನ ಸ್ಪರ್ಧೆ ಗೆದ್ದಿತು. ಅಲ್ಲಿಂದ ಇಲ್ಲಿಯವರೆಗೂ ನಿಂತಿಲ್ಲ. ದೊಡ್ಡವರಷ್ಟೇ ಅಲ್ಲ. ಸಣ್ಣ ಊರುಗಳ ಹುಡುಗ ಹುಡುಗಿಯರು ಎರಡು ನಿಮಿಷದ, ಏದುಸಿರು ಬಿಡಿಸುವಂಥ ಪಂಕ್ ಹಾಡಿನ ಮೊದಲ ಆಲ್ಬಂಗಳನ್ನು ತರುತ್ತಲೇ ಇರುತ್ತಾರೆ. ಅವರ ಕೋಣೆಯ ಗೊರಗೊರವೂ ಕೇಳುತ್ತದೆ, ಅವರ ಖುಷಿಯೂ ಕೇಳುತ್ತದೆ.

ಅವರ ಗಂಟಲು ನಮ್ಮದಕ್ಕಿಂತ ಮೇಲೇ? ಅಲ್ಲ. ಅಲ್ಲಿ ಊರಿನ ಆಡಳಿತವೇ ನಡೆಸುವ ಸಂಗೀತ ಶಾಲೆಗಳಿವೆ. ಇನ್ನೊಂದು, "ಸ್ಟಡಿ ಸರ್ಕಲ್" ಅನ್ನೋ ಏರ್ಪಾಡು. 1902ರಲ್ಲಿ ಲುಂಡ್ ಎನ್ನುವ ಊರಿನಲ್ಲಿ ಕುಡಿತ ಬಿಡಿಸುವ ಚಳವಳಿಯವರು ಶುರು ಮಾಡಿದ್ದು. ಸಂಜೆ ಹೊತ್ತು ನಾಲ್ಕು ಜನ ಸೇರಿ ಏನಾದರೂ ಕಲಿಯಲಿ, ಹೆಂಡದಂಗಡಿಗೆ ಹೋಗದಿರಲಿ ಎನ್ನುವ ಆಸೆ. ಆಮೇಲೆ ಸರ್ಕಾರ ಅದಕ್ಕೆ ದುಡ್ಡು ಕೊಡತೊಡಗಿತು. ನಾಲ್ಕು ಹುಡುಗರು ಬ್ಯಾಂಡು ಕಟ್ಟಿದರೆ ಅದನ್ನೂ ಕಲಿಕೆಯ ಗುಂಪು ಎಂದು ಬರೆಸಬಹುದು. ಅಭ್ಯಾಸಕ್ಕೆ ಕೋಣೆ ಸಿಗುತ್ತದೆ, ಡ್ರಮ್ಮು, ಆಂಪ್ಲಿಫೈಯರ್ ಸಿಗುತ್ತವೆ. ಎಷ್ಟೋ ಬ್ಯಾಂಡುಗಳು ಅಂಥ ಕೋಣೆಯಲ್ಲೇ ಹುಟ್ಟಿವೆ. ಈಚೆಗೆ ಅಲ್ಲಿಯೂ ಸರ್ಕಾರ ಆ ದುಡ್ಡಿಗೆ ಕತ್ತರಿ ಹಾಕಿದೆ, ಅಲ್ಲಿನವರೂ ಜಗಳ ಆಡುತ್ತಿದ್ದಾರೆ. ಸ್ವರ್ಗ ಎಲ್ಲೂ ಇಲ್ಲ. ಆದರೆ ಅವರು ಕಳೆದುಕೊಳ್ಳುವುದಕ್ಕೆ ಒಂದು ಕೋಣೆ ಇದೆ. ನಮ್ಮ ಹುಡುಗರಿಗೆ ಅದೂ ಇಲ್ಲ.

ಇಲ್ಲ ಅಂದೆನೇ? ತಪ್ಪು. ಕೋಣೆ ಇದೆ. ನಿಮ್ಮೂರಿನ ಸಮುದಾಯ ಭವನ ನೋಡಿ. ಶಾಸಕರ ಅನುದಾನ, ಸಂಸದರ ಅನುದಾನ ಅಂತ ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಂಡು ನಿಂತಿದೆ. ಮದುವೆ, ತಿಥಿ, ಚುನಾವಣೆ ಬಿಟ್ಟರೆ ಬಾಗಿಲಿಗೆ ಬೀಗ. ಒಳಗೆ ಪಾರಿವಾಳ. ಹೊರಗೆ ಕಟ್ಟೆ ಮೇಲೆ ಹುಡುಗರು, ಕೈಯಲ್ಲಿ ಫೋನು, ಒಮ್ಮೊಮ್ಮೆ ಬೇರೆ ಏನೋ. "ಈಗಿನ ಹುಡುಗ್ರು ಹಾಳಾಗೋದ್ರು" ಅಂತ ನಾವೇ ಹೇಳುತ್ತೇವೆ, ಬೀಗದ ಕೈ ನಮ್ಮ ಜೇಬಿನಲ್ಲೇ ಇರುತ್ತದೆ.

ನೀವು ಹೇಳುವ ಮಾತುಗಳು

ಇದನ್ನು ಓದಿ ಏನು ಹೇಳುತ್ತೀರಿ ಅಂತ ಗೊತ್ತು. ಒಂದೊಂದಾಗಿ ಬನ್ನಿ.

"ಜನ ಕೇಳೋದು ಪಿಕ್ಚರ್ ಹಾಡೇ." ಜನಕ್ಕೆ ಬೇರೆ ಏನು ಕೊಟ್ಟು ನೋಡಿದ್ದೀರಿ? ಒಂದೇ ಪಲ್ಯ ಬಡಿಸಿ, ಊಟ ಮಾಡಿದವರಿಗೆಲ್ಲ ಈ ಪಲ್ಯವೇ ಇಷ್ಟ ಅಂದ ಹಾಗಾಯಿತು. ಸಿನಿಮಾ ಹಾಡು ಬೇಡ ಅಂತ ನಾನು ಹೇಳುತ್ತಿಲ್ಲ. ಮೂರು ಗಂಟೆಯ ಕಾರ್ಯಕ್ರಮದಲ್ಲಿ ಎರಡೂವರೆ ಗಂಟೆ ಅದೇ ಇರಲಿ. ಅರ್ಧ ಗಂಟೆ ಕೇಳುತ್ತಿದ್ದೇನೆ.

"ಹುಡುಗರಿಗೆ ಶ್ರುತಿ ಇಲ್ಲ, ತಾಳ ಇಲ್ಲ." ನಿಜ, ಕೆಲವರಿಗಿಲ್ಲ. ಆದರೆ ಯಾರು ಹೇಳುತ್ತಿರುವುದು ಇದನ್ನು? ಮಂಡ್ಯ ಜಿಲ್ಲೆಯವರು! ಊರೂರಲ್ಲಿ ಕುರುಕ್ಷೇತ್ರ ನಾಟಕ ಆಡುವವರು! ರೈತ, ಟ್ರ್ಯಾಕ್ಟರ್ ಡ್ರೈವರು, ಹಾಲಿನ ಡೈರಿಯ ಕಾರ್ಯದರ್ಶಿ ಎಲ್ಲರೂ ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ದುರ್ಯೋಧನನ ಶ್ರುತಿ ಹಾರ್ಮೋನಿಯಂ ಮೇಷ್ಟರನ್ನು ಬಿಟ್ಟು ಎಲ್ಲೆಲ್ಲೋ ಹೋಗುತ್ತದೆ. ನಾವು ಎದ್ದು ಹೋಗುತ್ತೇವಾ? ಶಾಲು ಹೊದ್ದು ಬೆಳಗಿನ ಜಾವದವರೆಗೂ ಕೂರುತ್ತೇವೆ. ನಮ್ಮೂರವನು ಎಂದು ವನ್ಸ್ ಮೋರ್ ಕೂಗುತ್ತೇವೆ. ಐವತ್ತು ವರ್ಷದ ದುರ್ಯೋಧನನಿಗೆ ಕೊಡುವ ಮರ್ಯಾದೆಯಲ್ಲಿ ಒಂದು ಚೂರನ್ನು ಇಪ್ಪತ್ತು ವರ್ಷದ ಹುಡುಗನಿಗೆ ಕೊಡಿ. ಹಾಡುತ್ತಾ ಹಾಡುತ್ತಾ ಶ್ರುತಿ ಬರುತ್ತದೆ.

"ಗಿಟಾರು ನಮ್ಮ ಸಂಸ್ಕೃತಿ ಅಲ್ಲ." ಆ ನಾಟಕದ ಹಾರ್ಮೋನಿಯಂ ಎಲ್ಲಿಯದು? ಯೂರೋಪಿನದು. 1940ರಲ್ಲಿ ಆಕಾಶವಾಣಿಯೇ ಅದನ್ನು ನಮ್ಮ ಸಂಗೀತಕ್ಕೆ ಸಲ್ಲದ್ದು ಎಂದು ಹೊರಗಿಟ್ಟಿತ್ತು. ಮೂರು ದಶಕ ಬೇಕಾಯಿತು ಒಳಗೆ ಬಿಡಲು. ಅಷ್ಟರಲ್ಲಿ ನಮ್ಮ ಹಳ್ಳಿಯವರು ಅದನ್ನು ಅಪ್ಪಟ ನಮ್ಮದಾಗಿ ಮಾಡಿಕೊಂಡಿದ್ದರು. ಕರ್ನಾಟಕ ಸಂಗೀತದ ಪಿಟೀಲೂ ಪಶ್ಚಿಮದಿಂದ ಬಂದದ್ದೇ. ಗಂಜಾಂ ಊರನ್ನೇ ನೋಡಿ. ಟಿಪ್ಪು ಕಾಲದಲ್ಲಿ ಶಿರಾದಿಂದ ಜನರನ್ನು ತಂದು ನೆಲೆಗೊಳಿಸಿ ಬೆಳೆಸಿದ ಪೇಟೆ ಇದು. ಒಂದು ಕಡೆ ನಿಮಿಷಾಂಬ, ಇನ್ನೊಂದು ಕಡೆ ಗುಂಬಜ್, ನಡುವೆ ಫ್ರೆಂಚ್ ಪಾದ್ರಿ ಅಬೆ ದುಬುವಾ ಕಟ್ಟಿಸಿದ ಚರ್ಚು. ಹೊರಗಿನಿಂದ ಬಂದದ್ದನ್ನು ತನ್ನದು ಮಾಡಿಕೊಂಡೇ ಬೆಳೆದ ಊರಿನಲ್ಲಿ ನಿಂತು ಆರು ತಂತಿಗೆ ಹೆದರುವುದೇ?

ಬರೀ ಗದ್ದಲ ಅನ್ನುವವರಿಗೆ ಒಂದು ಮಾತು. ಟಿಪ್ಪುವಿನ ಮರದ ಹುಲಿ ಗೊತ್ತಲ್ಲ? ಬಿಳಿಯನ ಮೇಲೆ ಎರಗಿದ ಹುಲಿ. ಹಿಡಿ ತಿರುಗಿಸಿದರೆ ಹುಲಿ ಗುರ್ ಅನ್ನುತ್ತದೆ, ಅವನು ನರಳುತ್ತಾನೆ. ಹೊಟ್ಟೆಯೊಳಗೆ ಬಾರಿಸುವ ವಾದ್ಯವೂ ಇದೆ. 1799ರಲ್ಲಿ ಇಂಗ್ಲಿಷರು ಹೊತ್ತೊಯ್ದು ಲಂಡನ್ನಿನ ಮ್ಯೂಸಿಯಂನಲ್ಲಿ ಇಟ್ಟುಕೊಂಡಿದ್ದಾರೆ. ಸಿಟ್ಟನ್ನು ಸದ್ದು ಮಾಡುವುದು ಈ ದ್ವೀಪದವರಿಗೆ ಹಳೆಯ ವಿದ್ಯೆ.

"ಆರ್ಕೆಸ್ಟ್ರಾದವರ ಹೊಟ್ಟೆ ಮೇಲೆ ಹೊಡೀತೀಯಾ?" ಇದು ಮಾತ್ರ ಸರಿಯಾದ ಪ್ರಶ್ನೆ. ಆರ್ಕೆಸ್ಟ್ರಾದ ಗಾಯಕರು, ಕೀಬೋರ್ಡ್ ನುಡಿಸುವವರು ಬಡವರೇ. ಮೂರು ತಿಂಗಳ ಸೀಸನ್‌ನಲ್ಲಿ ವರ್ಷದ ಅನ್ನ ದುಡಿಯಬೇಕು. ಅವರ ದುಡ್ಡು ಕಡಿತ ಆಗಬಾರದು. ಹುಡುಗರು ಅವರ ಮೈಕು, ಅವರ ಸ್ಪೀಕರಲ್ಲೇ ಅರ್ಧ ಗಂಟೆ ಹಾಡಲಿ, ಅವರಿಗೂ ಗಂಟಲಿಗೆ ಬಿಡುವು. ಇನ್ನೊಂದು ಗುಟ್ಟು ಹೇಳಲೇ? ಆ ಆರ್ಕೆಸ್ಟ್ರಾ ಹುಡುಗರಲ್ಲೂ ಸ್ವಂತ ಹಾಡು ಬರೆದಿಟ್ಟವರಿದ್ದಾರೆ. ಕೇಳುವವರಿಲ್ಲ ಎಂದು ಸುಮ್ಮನಿದ್ದಾರೆ. ಒಬ್ಬರು ವೇದಿಕೆಯ ಹಿಂದೆ ಚಹಾ ಕುಡಿಯುತ್ತಾ ನನಗೆ ಹಾಡಿ ತೋರಿಸಿದ್ದಾರೆ.

"ಯೂಟ್ಯೂಬಿಗೆ ಹಾಕ್ಲಿ ಬಿಡು." ಹಾಕಿದ್ದಾರೆ. ಹಿಂದೆ ಕ್ಯಾಸೆಟ್ ಮಾಡಲು ಕಂಪನಿಯ ಬಾಗಿಲು ಕಾಯಬೇಕಿತ್ತು, ಈಗ ಬೇಡ. ರೆಕಾರ್ಡ್ ಮಾಡೋದು ಸುಲಭ ಆಗಿದೆ, ಕೇಳಿಸೋದು ಕಷ್ಟ ಆಗಿದೆ. ನೀವು ಏನು ಕೇಳಬೇಕು ಎನ್ನುವುದನ್ನು ಫೋನೇ ಮುಂದೆ ತಂದು ಇಡುತ್ತದೆ. ಜಾಹೀರಾತಿಗೆ ದುಡ್ಡು ಸುರಿದ ಸಿನಿಮಾ ಹಾಡು ಮೇಲೆ, ಆಲೆಮನೆಯ ಹಾಡು ಕೆಳಗೆ. ಯಾರ ಲೆಕ್ಕಾಚಾರವೂ ಇಲ್ಲದೆ ನಾವೇ ತೀರ್ಮಾನ ಮಾಡಬಹುದಾದ ಜಾಗ ಒಂದೇ ಉಳಿದಿದೆ. ಅದು ಊರಿನ ಪೆಂಡಾಲು. ಅದನ್ನೂ ಸಿನಿಮಾಕ್ಕೇ ಬರೆದುಕೊಟ್ಟರೆ ಹೇಗೆ?

ಕೇಳುತ್ತಿರುವುದು ಮೂರೇ

ಒಂದು: ಗಣೇಶನಿರಲಿ, ಊರಹಬ್ಬವಿರಲಿ, ರಾಜ್ಯೋತ್ಸವವಿರಲಿ, ಆರ್ಕೆಸ್ಟ್ರಾ ಕರೆಸುವ ಪ್ರತಿ ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಊರಿನವರ ಸ್ವಂತ ಹಾಡಿಗೆ ಕೊಡಿ. ಹೆಣ್ಣುಮಕ್ಕಳಿಗೂ ಕೊಡಿ. ಸೋಬಾನೆ ಕಟ್ಟಿ ಹಾಡಿದ ಅಜ್ಜಿಯರ ಮೊಮ್ಮಕ್ಕಳು ಅವರು. ಹತ್ತು ಗಂಟೆಯ ಮೈಕ್ ನಿಯಮ ಇರುವುದರಿಂದ ಈ ಅರ್ಧ ಗಂಟೆಯನ್ನು ಮೊದಲೇ ಇಡಿ. ಕೊನೆಗೆ ಇಟ್ಟರೆ ಮುಖಂಡರ ಭಾಷಣ ಅದನ್ನು ನುಂಗುತ್ತದೆ.

ಎರಡು: ವಾರಕ್ಕೆ ಎರಡು ಸಂಜೆ ಸಮುದಾಯ ಭವನದ ಬೀಗ ತೆಗೆಯಿರಿ. ಗ್ರಾಮ ಸಭೆ ವರ್ಷಕ್ಕೆ ಎರಡು ಸಲವಾದರೂ ನಡೆಯಬೇಕು. ಮುಂದಿನ ಸಭೆಯಲ್ಲಿ ನೀವೇ ಎದ್ದು ಈ ವಿಷಯ ಕೇಳಿ, ನಡಾವಳಿಯಲ್ಲಿ ಬರೆಸಿ. ಜವಾಬ್ದಾರಿಗೆ ಊರಿನ ಒಬ್ಬರು ಹಿರಿಯರು ಇರಲಿ. ಕರೆಂಟ್ ಬಿಲ್ ಎಷ್ಟು ಬರುತ್ತದೆ? ಒಂದು ಹಾರದ ದುಡ್ಡು.

ಮೂರು: ನನ್ನಂಥ ವರದಿಗಾರರಿಗೆ. ಮುಂದಿನ ಸಲ "ರಂಜಿಸಿದರು" ಎಂದು ಬರೆಯುವ ಮೊದಲು ಹಾಡಿದವರ ಹೆಸರು ಕೇಳಿ ಬರೆಯೋಣ. ಹಾಡು ಯಾವುದರ ಬಗ್ಗೆ ಇತ್ತು ಎಂದು ಒಂದು ಸಾಲು ಬರೆಯೋಣ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಬರೆಯೋಣ. ಮುಚ್ಚಿಡುವುದಕ್ಕಿಂತ ಅದು ಮರ್ಯಾದೆ.

ಆ ನಾಲ್ಕು ಜನರಲ್ಲಿ ಒಬ್ಬ ಈಗ ಬೆಂಗಳೂರಿನ ಗೋಡೌನ್ ಒಂದರಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾನೆ. ಅಣ್ಣನ ಮೇಲೆ ಹಾಡು ಬರೆದವನು ಅವನೇ. ಈಗ ಅವನೂ ಹಬ್ಬಕ್ಕೆ ಮಾತ್ರ ಬರುತ್ತಾನೆ. ಉಳಿದ ಮೂವರು ಈ ಸಲವೂ ಸಮಿತಿಯ ಹತ್ತಿರ ಹೋಗುತ್ತೇವೆ ಅಂದಿದ್ದಾರೆ. ಹೊಸದಾಗಿ ಎರಡು ಹಾಡು ಸೇರಿವೆ. ಒಂದರ ಹೆಸರು "ಯಾವ ಪಿಕ್ಚರ್‌ದು".

ಅವರು ಬಂದಾಗ ನಗಬೇಡಿ. ಮೈಕು ಕೊಡಿ. ಆಮೇಲೆ ಇಷ್ಟವಾಗದಿದ್ದರೆ ಬೈಯಿರಿ. ಕೇಳಿಸಿಕೊಂಡು ಬೈದರೆ ಅವರಿಗೂ ಬೇಜಾರಿಲ್ಲ, ನನಗೂ ಬೇಜಾರಿಲ್ಲ.